ಸಂಪಾದಕರ ಮಾತು: ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ

ಈ ಸಂಚಿಕೆಗೆ ಬಂದ ಬರಹಗಳಲ್ಲಿ ಒಂದು ಫ್ರಾನ್ಸಿನ ಲಿಯೋಂ ನಗರದಿಂದ ಬಂದದ್ದು. ಬರೆದವರು ನಮ್ಮ ಕಡೆಯ ಹೆಣ್ಣುಮಗಳು, ಗಂಡನ ಕೆಲಸದ ದೆಸೆಯಿಂದ ಅಲ್ಲಿಗೆ ಹೋದವರು. ಹೋದ ಮೊದಲ ವಾರ ಮನೆ ಕೆಳಗಿನ ಬ್ರೆಡ್ ಅಂಗಡಿಗೆ ಇಳಿದು, ಕಲಿತಿದ್ದ ನಾಲ್ಕು ಪದ ಜೋಡಿಸಿ, ‘ಒಂದು ಬಗೆಟ್ ಕೊಡಿ’ ಎಂದಿದ್ದಾರೆ. ಅಂಗಡಿಯಾಕೆ ಬ್ರೆಡ್ಡಿನ ಕಡೆ ಕೈಯನ್ನೇ ಚಾಚಲಿಲ್ಲ. ‘ಬೋಂಜೂರ್’ ಎಂದಳು. ಉಚ್ಚಾರ ಕೆಟ್ಟಿತೇನೋ ಎಂದುಕೊಂಡು ಇವರು ಮತ್ತೆ ‘ಬಗೆಟ್’ ಎಂದರು. ಆಕೆ ಇನ್ನಷ್ಟು ನಿಧಾನವಾಗಿ, ಮಕ್ಕಳಿಗೆ ಹೇಳಿಕೊಡುವ ಹಾಗೆ, ‘ಬೋಂಜೂರ್’. ಸಾಲಿನಲ್ಲಿ ಹಿಂದೆ ನಿಂತಿದ್ದ ಅಜ್ಜ ಕೆಮ್ಮಿದ. ಮೂರನೆಯ ಸಲ ಇವರ ಬಾಯಿಂದಲೂ ‘ಬೋಂಜೂರ್’ ಹೊರಟ ಮೇಲೆಯೇ ಬ್ರೆಡ್ಡು ಕಾಗದ ಸುತ್ತಿಸಿಕೊಂಡು ಕೈಗೆ ಬಂತಂತೆ. ಇವರು ಮನೆ ಹತ್ತಿ ಬಂದು ಅತ್ತರಂತೆ.

ಬೆಂಗಳೂರಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನಲ್ಲಿ ಕೂತು ಇದನ್ನು ಓದಿದೆ. ನಗು ಬಂತು. ಆಮೇಲೆ ಯೋಚನೆಯೂ ಬಂತು. ನಮ್ಮ ಅಂಗಡಿಗಳಲ್ಲಿ ಯಾರು ಯಾರಿಗೆ ನಮಸ್ಕಾರ ಹೇಳುತ್ತಾರೆ? ‘ಅಣ್ಣಾ, ಅರ್ಧ ಕೇಜಿ ಸಕ್ಕರೆ’ ಅಂದರೆ ಮುಗಿಯಿತು. ಆ ‘ಅಣ್ಣಾ’ದಲ್ಲಿ ನಮಸ್ಕಾರ, ಸಂಬಂಧ, ಸಾಲದ ಭರವಸೆ ಎಲ್ಲ ಇರುತ್ತದೆ. ಫ್ರೆಂಚರಿಗೆ ಅಂಗಡಿಯೂ ಒಬ್ಬರ ಮನೆ ಇದ್ದಂತೆ. ಹೊಸಿಲು ದಾಟಿದವರು ಮೊದಲು ಮನುಷ್ಯರನ್ನು ಕಂಡು ಆಮೇಲೆ ಸಾಮಾನು ಕೇಳಬೇಕು. ಇಬ್ಬರಿಗೂ ಮರ್ಯಾದೆಯ ಕಲ್ಪನೆ ಇದೆ, ಆದರೆ ಇಟ್ಟಿರುವ ಜಾಗ ಬೇರೆ.

ಬರಹದಲ್ಲಿ ನನಗೆ ಬಹಳ ಹಿಡಿಸಿದ್ದು ಏಕವಚನದ ಪ್ರಸಂಗ. ಫ್ರೆಂಚಿನಲ್ಲೂ ನಮ್ಮ ಹಾಗೆಯೇ ನೀನು-ನೀವು ಇದೆ: ‘ತ್ಯು’ ಮತ್ತು ‘ವೂ’. ಇಂಗ್ಲಿಷಿನವರು ಅಲ್ಲಿ ಹೋಗಿ ಒದ್ದಾಡುವ ಈ ವಿಷಯದಲ್ಲಿ ಕನ್ನಡದವರಿಗೆ ಯಾವ ಕಷ್ಟವೂ ಇರಬಾರದು. ಆದರೆ ಕಷ್ಟ ಬೇರೆ ಬಾಗಿಲಿಂದ ಬಂತು. ಅಲ್ಲಿನ ಹಿರಿಯ ಮೇಡಂ ಒಬ್ಬರು ಒಂದು ದಿನ ಕಾಫಿ ಕುಡಿಯುತ್ತ, ಇನ್ನು ಮೇಲೆ ನನಗೆ ‘ತ್ಯು’ ಅನ್ನು ಎಂದರಂತೆ. ಇವರಿಗೆ ನಾಲಿಗೆಯೇ ಹೊರಳಲಿಲ್ಲ. ನಮ್ಮಲ್ಲಿ ‘ಏಕವಚನದಲ್ಲಿ ಮಾತಾಡಿಸಿದ’ ಅಂದರೆ ಜಗಳದ ಸುದ್ದಿ, ಪಂಚಾಯ್ತಿಗೆ ಹೋಗುವ ದೂರು. ಅಲ್ಲಿ ಅದಕ್ಕೆಂದೇ ಒಂದು ಕ್ರಿಯಾಪದವಿದೆ, ಹೆಚ್ಚಿನ ವೇಳೆ ಅದು ಸ್ನೇಹದ ಆಹ್ವಾನ. ಕೆನ್ನೆಗೆ ಕೆನ್ನೆ ತಾಗಿಸುವ ಮುತ್ತಿನ ಲೆಕ್ಕವಂತೂ ಊರಿಂದ ಊರಿಗೆ ಎರಡು, ಮೂರು, ನಾಲ್ಕು ಎಂದು ಬದಲಾಗುತ್ತದಂತೆ. ಆ ಪುಟವನ್ನು ಓದುಗರೇ ಒಳಗೆ ನೋಡಲಿ.

ಇಂಥ ಗೊಂದಲಕ್ಕೆ ‘ಕಲ್ಚರ್ ಶಾಕ್’ ಎಂಬ ಹೆಸರು ಬಳಕೆಗೆ ಬಂದದ್ದು ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞನಿಂದ. 1954ರಲ್ಲಿ ರಿಯೊ ಡಿ ಜನೈರೊದಲ್ಲಿ, ಪರದೇಶಕ್ಕೆ ಬಂದು ನೆಲೆಸಿದ್ದ ಹೆಂಗಸರ ಕ್ಲಬ್ಬಿನಲ್ಲಿ ಅವನು ಮಾಡಿದ ಭಾಷಣ ಪ್ರಸಿದ್ಧ. ಪ್ಯಾರಿಸ್ಸಿಗೆ ಬಂದು ತಾವು ಕನಸಿದ ಪ್ಯಾರಿಸ್ ಸಿಗದೆ ಕಾಯಿಲೆ ಬೀಳುವ ಜಪಾನೀಯರಿಗೆ ‘ಪ್ಯಾರಿಸ್ ಸಿಂಡ್ರೋಮ್’ ಎಂದು ಹೆಸರಿಟ್ಟವರೂ ಒಬ್ಬ ಜಪಾನೀ ಮನೋವೈದ್ಯರೇ. ಈ ಬಗೆಯ ಬರಹಗಳ ಮೇಲೆ ನನ್ನದೊಂದು ತಕರಾರಿದೆ. ಎಲ್ಲವೂ ಬಂದವನ ನಾಡಿ ಹಿಡಿಯುತ್ತವೆ. ಮನೆಯವನಿಗೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ.

ರೈಲು ಬಂಗಾರಪೇಟೆ ಜಂಕ್ಷನ್ನಿಗೆ ಬರುವಾಗ ನನಗೆ ನೆನಪಾದದ್ದು ಬೂದಿಕೋಟೆ. ಇದೇ ಬಂಗಾರಪೇಟೆ ತಾಲ್ಲೂಕಿನ ಊರು, ಹೈದರಾಲಿ ಹುಟ್ಟಿದ ಜಾಗ. ಅವನ ಮಗ ಟಿಪ್ಪು 1787ರಲ್ಲಿ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳಿಸಿದ. ತೂಲೋಂ ಬಂದರಿನಲ್ಲಿ ಇಳಿದು, ಪ್ಯಾರಿಸ್ ಸೇರಿ, ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯ ಮುಂದೆ ನಿಂತರು. ಅವರು ಹೋದ ಕಡೆಯೆಲ್ಲ ಜನ ಮುತ್ತಿದರು. ಚಿತ್ರಕಾರ್ತಿ ಎಲಿಜಬೆತ್ ವಿಜೆ ಲೆ ಬ್ರನ್ ಅವರ ಚಿತ್ರ ಬರೆದಳು. ಆಕೆಯ ಆತ್ಮಕಥನದಲ್ಲಿ ಆ ಪ್ರಸಂಗ ಇದೆ. ರಾಯಭಾರಿಗಳು ಊಟಕ್ಕೆ ಕರೆದರು, ಹೋದಳು, ನೆಲದ ಮೇಲೆ ಕೂರಬೇಕಾಯಿತು. ಬಡಿಸಿದ್ದು ಮಸಾಲೆ ಹಾಕಿದ ಕುರಿ ಕಾಲು. ಅವರು ತಮ್ಮ ಕೈಯಿಂದಲೇ ತೆಗೆದು ಆಕೆಗೆ ಕೊಟ್ಟರು. ಕೋಲಾರದ ಕಡೆಯವರು ಇದನ್ನು ಓದಿದರೆ ಬಾಯಲ್ಲಿ ನೀರೂರಬಹುದು. ಆಕೆಗೆ ಮಾತ್ರ ಅದು ಗಂಟಲಿಳಿಯುವುದು ಕಷ್ಟವಾಯಿತು. ಚಿತ್ರ ಮುಗಿದ ಮೇಲೆ ರಾಯಭಾರಿಗಳಲ್ಲೊಬ್ಬನಾದ ಮೊಹಮ್ಮದ್ ದರ್ವೇಶ್ ಖಾನ್ ಅದನ್ನು ಮಂಚದ ಹಿಂದೆ ಬಚ್ಚಿಟ್ಟುಕೊಂಡು ವಾಪಸು ಕೊಡಲು ಒಪ್ಪಲಿಲ್ಲವಂತೆ. ಗಮನಿಸಿ: ಪ್ಯಾರಿಸ್ಸಿನಲ್ಲಿ ಪ್ಯಾರಿಸ್ಸಿನವಳೇ ಅತಿಥಿ, ಮೈಸೂರಿನವರೇ ಮನೆಯವರು. ಕೂರಲು ಬಾರದೆ ಒದ್ದಾಡಿದ್ದು ಆಕೆ.

ಬಂಗಾರಪೇಟೆಯ ಹೆಸರಲ್ಲೇ ಒಂದು ತಮಾಷೆ ಇದೆ. ಪಕ್ಕದಲ್ಲಿ ಚಿನ್ನದ ಗಣಿ, ಆದ್ದರಿಂದ ಬಂಗಾರಪೇಟೆ ಎಂದು ನಾವೆಲ್ಲ ಸ್ಕೂಲಿನಲ್ಲಿ ನಂಬಿದ್ದೆವು. ಅಸಲಿಗೆ ಇದು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗನ ಹೆಸರು. ಜನ ಅವನ ಹೆಸರನ್ನು ನಾಲಿಗೆಯಲ್ಲಿ ತಿರುವಿ ತಿರುವಿ ಬಂಗಾರ ಮಾಡಿಬಿಟ್ಟರು. ರೈಲ್ವೆ ಮಾತ್ರ ಮರೆತಿಲ್ಲ. ಟಿಕೆಟ್ಟಿನಲ್ಲಿ ಈ ನಿಲ್ದಾಣದ ಸಂಕೇತ ಇವತ್ತಿಗೂ ‘ಬಿಡಬ್ಲ್ಯೂಟಿ’. ಇಲ್ಲಿಂದ 1894ರಲ್ಲಿ ಗಣಿಗೆ ಕವಲು ಹಳಿ ಹಾಕಿದರು. ಅದರ ನಿಲ್ದಾಣಗಳು ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಸಮುದ್ರವೇ ಇಲ್ಲದ ಬಯಲುಸೀಮೆಯಲ್ಲಿ ಚೋಳಮಂಡಲದ ಕರಾವಳಿಯ ಹೆಸರು ಯಾಕೆ ಬಂತು ಎಂದು ಕೇಳಬೇಡಿ. ಲಂಡನ್ನಿನಲ್ಲಿ ಕೂತು ಷೇರು ಮಾರುವವರಿಗೆ ಅದು ಕಿವಿಗೆ ಚೆನ್ನಾಗಿ ಕೇಳಿಸಿರಬೇಕು.

ಕೋಲಾರ ಗೋಲ್ಡ್ ಫೀಲ್ಡ್ಸ್ ಎಂಬ ಈ ಗಣಿ ಊರಿಗೆ, ಅಂದರೆ ಕೆಜಿಎಫ್‌ಗೆ, ಬಂದ ಬ್ರಿಟಿಷರು ಕಲ್ಚರ್ ಶಾಕ್‌ಗೆ ಮದ್ದು ಕಂಡುಕೊಂಡಿದ್ದರು: ಪರದೇಶಕ್ಕೆ ಬರುವುದೇ ಬೇಡ, ಸ್ವದೇಶವನ್ನೇ ಇಲ್ಲಿಗೆ ತಂದರಾಯಿತು. ಲ್ಯಾವೆಲ್ ಎಂಬ ಐರಿಷ್ ಸೈನಿಕ 1870ರ ದಶಕದಲ್ಲಿ ಪರವಾನಗಿ ಹಿಡಿದು ತೋಡಲು ಶುರುಮಾಡಿದ್ದು, 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆ ಹೋಯಿತು. ಕಾರ್ನ್‌ವಾಲ್‌ನಿಂದ ಗಣಿಯ ಕೆಲಸ ಬಲ್ಲವರು ಬಂದರು, ಇಟಲಿಯವರೂ ಬಂದರು. ಬಂಗಲೆ, ಹೂದೋಟ, ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು. ‘ಲಿಟ್ಲ್ ಇಂಗ್ಲೆಂಡ್’ ಎಂದೇ ಹೆಸರಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೈಸೂರು, ಬೆಂಗಳೂರುಗಳನ್ನು ಬಿಟ್ಟು ಮೊದಲು ಹರಿದದ್ದು ಇಲ್ಲಿಗೆ. ಬೆಂಗಳೂರು ಮೂರು ವರ್ಷ ಕಾಯಬೇಕಾಯಿತು. ಕ್ಲಬ್ಬಿನಲ್ಲಿ ಭಾರತೀಯರು ಬಹುಕಾಲ ಟ್ರೇ ಹಿಡಿದು ನಿಂತರೇ ಹೊರತು ಕೂರಲಿಲ್ಲ. ಬಂಗಲೆಯಿಂದ ಒಂದಿಷ್ಟು ದೂರದಲ್ಲಿ ಕೂಲಿ ಲೈನುಗಳು: ತಟ್ಟಿ ಕಟ್ಟಿದ ಸಾಲು ಗುಡಿಸಲು, ಬಗ್ಗಿ ನುಗ್ಗಬೇಕಾದ ಬಾಗಿಲು. ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರು, ಬಹುಪಾಲು ತಮಿಳು ದಲಿತರು, ಆ ಬಾಗಿಲಿಂದ ಎದ್ದು ಭೂಮಿಯೊಳಗೆ ಇಳಿದರು. ಚಾಂಪಿಯನ್ ರೀಫ್ಸ್ ಗಣಿ ಕೊನೆಗೆ ಮೂರು ಕಿಲೋಮೀಟರ್‌ಗೂ ಆಳ ಹೋಯಿತು. ಅಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು.

ನಾನು ಬಂಗಾರಪೇಟೆಯ ಹುಡುಗ. ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಚಿಕ್ಕಮ್ಮನ ಮನೆಗೆಂದು ಒಬ್ಬನೇ ರೈಲು ಹತ್ತಿ ಚಾಂಪಿಯನ್‌ನಲ್ಲಿ ಇಳಿದೆ. ದಾರಿ ಬದಿ ಕಡಲೆಕಾಯಿ ಮಾರುತ್ತಿದ್ದ ಅಜ್ಜಿಯನ್ನು ಕನ್ನಡದಲ್ಲಿ ಕೇಳಿದೆ. ತಮಿಳಿನಲ್ಲಿ ಏನೋ ಅಂದಳು. ತೆಲುಗಿನಲ್ಲಿ ಕೇಳಿದೆ, ನಮ್ಮ ಕಡೆ ಅದು ಅರ್ಧ ಮನೆಮಾತು. ಆಕೆ ನಕ್ಕು, ಕೈ ಒರೆಸಿಕೊಂಡು, ‘ಸ್ಟ್ರೈಟಾ ಪೋ ತಂಬಿ, ಕ್ಲಬ್ಬು ಕಿಟ್ಟೆ ಲೆಫ್ಟು’ ಎಂದಳು. ಇಂಗ್ಲಿಷ್ ಮೇಷ್ಟರ ಬೆತ್ತದ ಭಯದಲ್ಲಿ ಕಲಿತಿದ್ದ ಸ್ಟ್ರೈಟು ಲೆಫ್ಟುಗಳನ್ನು ಬರಿಗಾಲಿನ ಅಜ್ಜಿ ಎಲೆ ಅಡಿಕೆ ಜೊತೆ ಜಗಿಯುತ್ತ ಆಡಿಬಿಟ್ಟಳಲ್ಲ ಎಂದು ನಾನು ಅಲ್ಲೇ ನಿಂತೆ.

ಆ ರಾತ್ರಿ ಊಟಕ್ಕೆ ಕೂತಿದ್ದಾಗ ನೆಲ ಒಮ್ಮೆ ನಡುಗಿತು. ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು, ಸೂರಿನಿಂದ ಸುಣ್ಣದ ಚಕ್ಕೆ ನನ್ನ ಸಾರಿಗೆ ಬಿತ್ತು. ನಾನು ಎದ್ದು ಬಾಗಿಲಿಗೆ ಓಡಿದೆ. ಚಿಕ್ಕಮ್ಮ ಕೂತಲ್ಲೇ ಲೋಟವನ್ನು ಅಂಗೈಯಿಂದ ಅದುಮಿ ಹಿಡಿದು, ‘ಏನಿಲ್ಲ ಕಣೋ, ರಾಕ್ ಬರ್ಸ್ಟು’ ಎಂದರು. ಕೆಳಗೆ ಬಂಡೆ ಒತ್ತಡ ತಾಳದೆ ಸಿಡಿಯುವುದು. ಆದರೆ ಆಮೇಲೆ ಯಾರೂ ಮಾತಾಡಲಿಲ್ಲ. ಅಕ್ಕಪಕ್ಕದ ಮನೆಗಳ ಬಾಗಿಲು ಒಂದೊಂದೇ ತೆಗೆದ ಸದ್ದು ಕೇಳಿತು. ಹೆಂಗಸರು ಜಗುಲಿಗೆ ಬಂದು ಶಾಫ್ಟಿನ ದಿಕ್ಕಿಗೆ ಮುಖ ಮಾಡಿ ನಿಂತರು. ಶಿಫ್ಟಿನ ಸೈರನ್ನಿಗೆ ಅವರು ‘ಸಂಗು’ ಅನ್ನುತ್ತಿದ್ದರು, ಶಂಖ. ಅದು ಹೊತ್ತಿಗೆ ಸರಿಯಾಗಿ ಊದಿದ ಮೇಲೆ ಒಳಗೆ ಹೋದರು. ಬಂಗಾರಪೇಟೆಯಲ್ಲಿ ನನಗೆ ಭೂಮಿ ಎಂದರೆ ಕಾಲಡಿಯ ವಸ್ತು. ಇಲ್ಲಿ ಅದರೊಳಗೆ ಅಪ್ಪಂದಿರು ಇದ್ದರು.

ಈಗ ಸಾಹಿತ್ಯ ಪತ್ರಿಕೆಯ ಸಂಪಾದಕನಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರು 1907ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ ‘ತಮಿಳನ್’ ಪತ್ರಿಕೆ, ಅವರು ತೀರಿಕೊಂಡ ಮೇಲೆ, ಕೆಲಕಾಲ ಕೆಜಿಎಫ್‌ನಿಂದ ಹೊರಟಿತು. ದಲಿತರ ಬೌದ್ಧ ಚಳವಳಿಗೆ ಈ ಗಣಿ ಲೈನುಗಳು ಗಟ್ಟಿ ನೆಲೆಯಾಗಿದ್ದವು. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆಯುವುದಕ್ಕೆ ದಶಕಗಳ ಮೊದಲೇ ಇಲ್ಲಿನ ಕಾರ್ಮಿಕರು ಬುದ್ಧನ ಹೆಸರಲ್ಲಿ ಸಭೆ ಸೇರುತ್ತಿದ್ದರು, ಓದುತ್ತಿದ್ದರು, ವಾದಿಸುತ್ತಿದ್ದರು. ಬೆಂಗಳೂರಿಂದ ಎರಡು ಮೂರು ಗಂಟೆಯ ದಾರಿ. ದಲಿತ ಸಾಹಿತ್ಯದ ಚರ್ಚೆ ಕನ್ನಡದಲ್ಲಿ ಭೋರ್ಗರೆದ ಎಪ್ಪತ್ತು ಎಂಬತ್ತರ ದಶಕದಲ್ಲೂ ನಾನು ಈ ಪತ್ರಿಕೆಯ ಹೆಸರು ಕೇಳಿರಲಿಲ್ಲ. ನನಗಿದು ಗೊತ್ತಾದದ್ದು ತಮಿಳು ಗೆಳೆಯರೊಬ್ಬರಿಂದ. ನಮ್ಮ ನೆಲ ಎಂದು ಎದೆ ತಟ್ಟಿಕೊಳ್ಳುವವರಿಗೆ ಆ ನೆಲದ ಪತ್ರಿಕೆ ಗೊತ್ತಿಲ್ಲದಿದ್ದರೆ ಮನೆಯವರು ಅನ್ನುವ ಹಕ್ಕು ಎಲ್ಲಿಂದ ಬರುತ್ತದೆ? ಕೆಜಿಎಫ್‌ಗೆ ಕನ್ನಡ ಬಹುಮಟ್ಟಿಗೆ ಕಚೇರಿಯ ಫೈಲಿನ ಜೊತೆ ಹೋಯಿತು, ತಡವಾಗಿ ಹೋಯಿತು, ಬೋಂಜೂರ್ ಹೇಳದೆ ಹೋಯಿತು.

ಬಂದುಹೋದವರ ಪಟ್ಟಿ ದೊಡ್ಡದು. ಚಾಂಪಿಯನ್ ರೀಫ್ಸ್‌ನ ಸೇಂಟ್ ಜೋಸೆಫ್ಸ್ ಕಾನ್ವೆಂಟನ್ನು ಕಟ್ಟಿದ್ದು ಫ್ರಾನ್ಸಿನ ತಾರ್ಬ್ ಊರಿನ ಹೆಸರು ಹೊತ್ತ ಸನ್ಯಾಸಿನಿಯರ ಪಂಥ. ತಾರ್ಬ್ ಇರುವುದು ಪಿರನೀಸ್ ಬೆಟ್ಟದ ಬುಡದಲ್ಲಿ. ಅಂಥ ಹಸಿರಿನ ಊರಿನ ಹೆಸರು ಇಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ದಿಬ್ಬದ ಬೂದು ಧೂಳಿನ ಪಕ್ಕ ಮಕ್ಕಳಿಗೆ ಕಾಗುಣಿತ ತಿದ್ದಿಸಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಜೊತೆ ಜಪಾನಿನ ಒಸಾಕ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರು ಗಣಿಯ ಎರಡು ಕಿಲೋಮೀಟರ್‌ಗೂ ಆಳದಲ್ಲಿ ಉಪಕರಣ ಇಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಸುಳಿವು ಹಿಡಿದರು. ಯಾವ ದೇಶದಲ್ಲೂ ನಿಲ್ಲದೆ ಭೂಮಿಯನ್ನೇ ತೂರಿಹೋಗುವ ಕಣ ಅದು.

ನನಗೆ ಬಹಳ ಕಾಡುವವರು ಆಂಗ್ಲೋ ಇಂಡಿಯನ್ನರು. ಗಣಿಯಲ್ಲಿ ದೊರೆಗೂ ಕೂಲಿಗೂ ನಡುವಿನ ಮೆಟ್ಟಿಲು ಅವರದು. ನೋಡಿರದ ಇಂಗ್ಲೆಂಡನ್ನು ‘ಹೋಮ್’ ಎನ್ನುತ್ತಿದ್ದರು. ಮಧ್ಯಾಹ್ನ ಹಳದಿ ಅನ್ನ, ಕೈಮಾ ಉಂಡೆಯ ಸಾರು. ಇನ್ನೊಂದು ದಿನ ‘ಪೆಪ್ಪರ್ ವಾಟರ್’, ಅಂದರೆ ನಮ್ಮ ಮೆಣಸಿನ ಸಾರೇ. ಕ್ರಿಸ್ಮಸ್ಸಿಗೆ ಕುಲ್‌ಕುಲ್ ಕರಿಯುತ್ತಿದ್ದರು. 1956ರಲ್ಲಿ ಗಣಿ ಸರ್ಕಾರದ ವಶಕ್ಕೆ ಬಂದ ಆಸುಪಾಸಿನಲ್ಲಿ ಅವರಲ್ಲಿ ಬಹಳ ಮಂದಿ ಬ್ರಿಟನ್ನಿಗೆ, ಆಸ್ಟ್ರೇಲಿಯಕ್ಕೆ ಹೊರಟರು. ಅವರಿಗೆ ನಿಜವಾದ ಪರದೇಶ ಸಿಕ್ಕಿದ್ದು ಆ ‘ಹೋಮ್’ನಲ್ಲಿ. ಚಳಿ, ಆಳಿಲ್ಲದ ಅಡುಗೆಮನೆ, ಎಲ್ಲಿಂದ ಬಂದೆ ಎಂದು ಕೇಳುವ ನೆರೆಮನೆ. ಕೆಜಿಎಫ್‌ನಲ್ಲಿ ಹುಟ್ಟಿದ ಬ್ರಿಜೆಟ್ ವೈಟ್ ಕುಮಾರ್ ಆ ಅಡುಗೆಗಳನ್ನೆಲ್ಲ ಪುಸ್ತಕಗಳಲ್ಲಿ ದಾಖಲಿಸಿಟ್ಟಿದ್ದಾರೆ.

ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು. ಈಗ ಬೆಳಗಿನ ಜಾವದ ರೈಲುಗಳು ಸಾವಿರಾರು ಮಂದಿಯನ್ನು ತುಂಬಿಕೊಂಡು ಬೆಂಗಳೂರಿಗೆ ಓಡುತ್ತವೆ: ಮಾಲ್‌ಗಳ ಸೆಕ್ಯುರಿಟಿ, ಗಾರ್ಮೆಂಟ್ಸ್, ಸಾಫ್ಟ್‌ವೇರ್ ಕೂಡ. ನಾಲ್ಕು ತಲೆಮಾರು ಇಲ್ಲೇ ಹುಟ್ಟಿದ ಹುಡುಗನಿಗೆ ಬೆಂಗಳೂರಿನಲ್ಲಿ ‘ತಮಿಳ್ನಾಡಾ?’ ಎಂಬ ಪ್ರಶ್ನೆ. ತಮಿಳುನಾಡಿಗೆ ಮದುವೆಗೆ ಹೋದರೆ ‘ಕರ್ನಾಟಕದವನಾ?’ ಎಂಬ ಪ್ರಶ್ನೆ. ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಮೂರನೆಯದೊಂದು ಸೇರಿದೆ: ‘ಓ, ಕೆಜಿಎಫ್! ರಾಕಿ ಭಾಯ್ ಊರು!’

ಸಂಜೆ ವಾಪಸಾಗಲು ಉರಿಗಾಂ ನಿಲ್ದಾಣಕ್ಕೆ ಬಂದೆ. ಕಲ್ಲುಬೆಂಚಿನ ಮೇಲೆ ವಯಸ್ಸಾದವರೊಬ್ಬರು ಕೂತಿದ್ದರು, ಇಸ್ತ್ರಿ ಮಾಡಿದ ಬಿಳಿ ಷರಟು, ಪಕ್ಕದಲ್ಲಿ ಔಷಧಿಯ ಚೀಲ. ಪಕ್ಕ ಕೂತವನೇ ಕೇಳಿದೆ, ‘ಬೆಂಗಳೂರು ರೈಲು ಎಷ್ಟೊತ್ತಿಗೆ?’

ಅವರು ತಿರುಗಿ ನೋಡಿದರು. ‘ವಣಕ್ಕಂ ಸಾರ್’ ಎಂದರು.

‘ವಣಕ್ಕಂ’ ಎಂದೆ.

‘ಇನ್ನೂ ಇಪ್ಪತ್ತು ನಿಮಿಷ ಐತೆ’ ಎಂದು ಕನ್ನಡದಲ್ಲೇ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು, ‘ಯಾವೂರು ತಮ್ದು?’

‘ಇಲ್ಲೇ, ಬಂಗಾರಪೇಟೆ.’

‘ಓ, ಹೊರಗಿನೋರು’ ಎಂದರು. ಚೀಲವನ್ನು ತೊಡೆ ಮೇಲೆ ಎತ್ತಿಟ್ಟುಕೊಂಡು ನನಗೆ ಇನ್ನಷ್ಟು ಜಾಗ ಮಾಡಿಕೊಟ್ಟರು.