ಮೆಸ್ಸಿ ಬಂದ, ಮೈದಾನದ ಬೀಗ ತೆಗೀಲಿಲ್ಲ

ಹೊರಗಿನಿಂದ ಒಬ್ಬ ಮಹಾನ್ ಆಟಗಾರ ಬಂದರೆ ಸಾಕು, ಅಮೆರಿಕದವರಿಗೆಲ್ಲ ಸಾಕರ್ ಹುಚ್ಚು ಹಿಡಿಯುತ್ತೆ ಅನ್ನೋ ಮಾತಿಗೆ ಐವತ್ತು ವರ್ಷ ತುಂಬಿದೆ. 1975ರಲ್ಲಿ ಪೆಲೆ ಬಂದಾಗ ಹೇಳಿದರು. 2007ರಲ್ಲಿ ಬೆಕ್‌ಹ್ಯಾಮ್ ಬಂದಾಗ ಹೇಳಿದರು. 2023ರಲ್ಲಿ ಮೆಸ್ಸಿ ಬಂದಾಗಲಂತೂ ನನ್ನ ಭಾಮೈದ ಬೆಂಗಳೂರಿನಿಂದ ಫೋನ್ ಮಾಡಿ, "ಇನ್ನೇನ್ ಭಾವ, ನಿಮ್ಮ ಅಮೆರಿಕ ಬಿತ್ತು ಬಿಡಿ" ಅಂದ. ಒಂದೇ ಔಷಧಿಯನ್ನು ಮೂರು ಸಲ ಕುಡಿಸಿದ ಮೇಲೂ ಅದನ್ನೇ ಹೊಸದು ಅಂತ ಮಾರುತ್ತಿದ್ದಾರೆ ಅಂದರೆ, ಲಾಭ ರೋಗಿಗಲ್ಲ, ಅಂಗಡಿಯವನಿಗೆ ಅಂತ ಅರ್ಥ.

ಪೆಲೆಯ ಕತೆ ನೋಡಿ. ಅವನನ್ನು ಕರೆಸಿದ್ದು ನ್ಯೂಯಾರ್ಕ್ ಕಾಸ್ಮೋಸ್. ಅದರ ಒಡೆತನ ಸಿನಿಮಾ, ಸಂಗೀತದ ವ್ಯಾಪಾರ ಮಾಡುತ್ತಿದ್ದ ವಾರ್ನರ್ ಕಮ್ಯುನಿಕೇಶನ್ಸ್‌ದು. ಮೊದಲ ಪಂದ್ಯ ರ‍್ಯಾಂಡಲ್ಸ್ ಐಲ್ಯಾಂಡಿನ ಹಳೇ ಕ್ರೀಡಾಂಗಣದಲ್ಲಿ. ಅಲ್ಲಿ ಹುಲ್ಲಿಗಿಂತ ಮಣ್ಣೇ ಹೆಚ್ಚು. ಟಿವಿಯಲ್ಲಿ ಚೆನ್ನಾಗಿ ಕಾಣಲಿ ಅಂತ ಬೋಳಾಗಿದ್ದ ಕಡೆಯೆಲ್ಲ ಹಸಿರು ಬಣ್ಣ ಬಳಿದರು. ಆಟ ಮುಗಿದ ಮೇಲೆ ಕಾಲು ಹಸಿರಾಗಿದ್ದು ಕಂಡು ಪೆಲೆ ಏನೋ ಚರ್ಮರೋಗ ಅಂಟಿತು ಅಂತ ಗಾಬರಿಯಾದನಂತೆ. ಅಮೆರಿಕದ ಸ್ಟಾರ್ ಸಾಕರಿನ ಪೂರ್ತಿ ಚರಿತ್ರೆ ಆ ಬಣ್ಣದಲ್ಲೇ ಇದೆ ಅಂತ ನನಗನ್ನಿಸುತ್ತೆ.

ಜನ ಬರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಬಂದರು, ಮುಗಿಬಿದ್ದು ಬಂದರು. 1977ರ ಆಗಸ್ಟಿನಲ್ಲಿ ಫೋರ್ಟ್ ಲಾಡರ್‌ಡೇಲ್ ಸ್ಟ್ರೈಕರ್ಸ್ ವಿರುದ್ಧದ ಪಂದ್ಯಕ್ಕೆ ನ್ಯೂಜೆರ್ಸಿಯ ಜೈಂಟ್ಸ್ ಸ್ಟೇಡಿಯಮ್ಮಿನಲ್ಲಿ 77,691 ಜನ ಸೇರಿದ್ದರು. ಆ ಗದ್ದಲ ನೋಡಿ ಲೀಗಿನವರಿಗೆ ತಲೆ ತಿರುಗಿತು. 1978ರಲ್ಲಿ ತಂಡಗಳ ಸಂಖ್ಯೆ 24ಕ್ಕೆ ಏರಿಸಿದರು. ಬೆಕೆನ್‌ಬೌವರ್, ಕ್ರೈಫ್, ಜಾರ್ಜ್ ಬೆಸ್ಟ್ ಎಲ್ಲರನ್ನೂ ದುಡ್ಡು ಸುರಿದು ತಂದರು. 1984ರ ಹೊತ್ತಿಗೆ ಉಳಿದದ್ದು ಒಂಬತ್ತು ತಂಡ. ಮರುವರ್ಷ ಲೀಗೇ ಇಲ್ಲ. ಪೆಲೆಯನ್ನು ನೋಡೋಕೆ ಬಂದವರು ಪೆಲೆಯನ್ನು ನೋಡಿ ಮನೆಗೆ ಹೋದರು, ಅಷ್ಟೆ.

ಫೋರ್ಟ್ ಲಾಡರ್‌ಡೇಲ್ ಅಂದೆನಲ್ಲ, ಆ ಜಾಗದ ಜಾತಕ ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿನ ಲಾಕ್‌ಹಾರ್ಟ್ ಸ್ಟೇಡಿಯಮ್ಮಿನಲ್ಲಿ ಸ್ಟ್ರೈಕರ್ಸ್ ಪರ ಜರ್ಮನಿಯ ಗೆರ್ಡ್ ಮ್ಯುಲರ್ ಆಡಿದ. ಸ್ಟ್ರೈಕರ್ಸ್ ಅಲ್ಲಿಂದ ಗಂಟುಮೂಟೆ ಕಟ್ಟಿತು. 1998ರಲ್ಲಿ ಅದೇ ಮೈದಾನಕ್ಕೆ ಮಯಾಮಿ ಫ್ಯೂಷನ್ ಅನ್ನೋ ತಂಡ ಬಂತು, ಚಿನ್ನದ ಬಣ್ಣದ ಗುಂಗುರು ಕೂದಲಿನ ಕೊಲಂಬಿಯಾದ ವಾಲ್ಡೆರಾಮನನ್ನು ಮುಂದಿಟ್ಟುಕೊಂಡು. ನಾಲ್ಕು ಸೀಸನ್ನಿಗೆ ಅದರ ಬಾಗಿಲೂ ಮುಚ್ಚಿತು. ಆಮೇಲೆ ಆ ಸ್ಟೇಡಿಯಂ ಕೆಡವಿ ಅದೇ ನೆಲದಲ್ಲಿ ಕಟ್ಟಿದ ಹೊಸ ಅಂಗಳದಲ್ಲೇ ಮೆಸ್ಸಿ ಗುಲಾಬಿ ಅಂಗಿ ತೊಟ್ಟು ಇಳಿದದ್ದು. ಒಂದೇ ನೆಲ, ಮೂರು ದೇವರು. ಪ್ರತಿ ಸಲವೂ ಪೂಜಾರಿಗಳು "ಈ ಸಲ ಖಂಡಿತ" ಅಂದರು.

ಮೆಸ್ಸಿ ಮೊದಲ ಪಂದ್ಯದಲ್ಲೇ ಕೊನೇ ಗಳಿಗೆಯಲ್ಲಿ ಫ್ರೀ ಕಿಕ್ ಹೊಡೆದು ಗೆಲ್ಲಿಸಿದ. ನಾನೂ ಸೋಫಾದಿಂದ ಎದ್ದು ಕುಣಿದೆ, ಸುಳ್ಳು ಹೇಳಲ್ಲ. (ಅದು 2023ರ ಜುಲೈ 21. ಬೆಕ್‌ಹ್ಯಾಮ್ ತನ್ನ ಅಮೆರಿಕದ ತಂಡಕ್ಕೆ ಮೊದಲು ಆಡಿದ್ದೂ 2007ರ ಜುಲೈ 21ಕ್ಕೆ, ಚೆಲ್ಸಿ ವಿರುದ್ಧ, ಕಾಲು ನೋವಿಟ್ಟುಕೊಂಡು ಕೊನೆಯಲ್ಲಿ ಕೆಲವೇ ನಿಮಿಷ. ಜ್ಯೋತಿಷಿಗಳು ಗಮನಿಸಬಹುದು.) ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ ಷಿಕಾಗೋದಲ್ಲಿ ಆದದ್ದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಮೆಸ್ಸಿ ಬರುತ್ತಾನೆ ಅಂತ 62 ಸಾವಿರಕ್ಕೂ ಹೆಚ್ಚು ಜನ ಸೋಲ್ಜರ್ ಫೀಲ್ಡಿನಲ್ಲಿ ಸೇರಿದ್ದರು. ಅವನಿಗೆ ಗಾಯ, ಆಡಲಿಲ್ಲ. ಷಿಕಾಗೋ ತಂಡ 4-1ರಿಂದ ಗೆದ್ದಿತು. ತಮಾಷೆ ಏನು ಗೊತ್ತಾ? ಮೆಸ್ಸಿ ಆಡದಿದ್ದರೆ ಮುಂದಿನ ವರ್ಷದ ಸೀಸನ್ ಟಿಕೆಟ್ಟಿನಲ್ಲಿ 250 ಡಾಲರ್ ಮುರಿದುಕೊಳ್ಳುತ್ತೇವೆ ಅಂತ ಷಿಕಾಗೋದವರೇ ಮೊದಲೇ ಸಮಾಧಾನ ಹೇಳಿಟ್ಟಿದ್ದರು. ಸ್ವಂತ ಊರಿನ ತಂಡ ನಾಲ್ಕು ಗೋಲು ಹೊಡೆದು ಗೆದ್ದರೂ ಜನಕ್ಕೆ ಪರಿಹಾರ ಕೊಡಬೇಕು ಅನ್ನೋದಾದರೆ, ಅಲ್ಲಿ ಮಾರಾಟವಾಗಿದ್ದು ಫುಟ್‌ಬಾಲ್ ಅಲ್ಲ ಕಣ್ರೀ, ದರ್ಶನ.

ಬೆಕ್‌ಹ್ಯಾಮ್ ಬಂದ ಮೇಲೆ 13 ತಂಡಗಳಿದ್ದ ಲೀಗ್ 30ಕ್ಕೆ ಬೆಳೀತಲ್ಲ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅವನಿಗಾಗಿಯೇ ಸಂಬಳದ ಮಿತಿ ಸಡಿಲಿಸುವ ನಿಯಮ ಬಂತು, ಪತ್ರಿಕೆಗಳು ಈ ಕಡೆ ತಿರುಗಿ ನೋಡಿದವು, ಒಪ್ಪಿದೆ. ಆದರೆ ಲೀಗ್ ಉಳಿಯೋಕೆ ನೆಲಗಟ್ಟು ಹಾಕಿದ್ದು ಅವನಿಗಿಂತ ಮೊದಲು: 1999ರಲ್ಲಿ ಓಹಾಯೋದ ಕೊಲಂಬಸ್‌ನಲ್ಲಿ ಸಾಕರಿಗೆಂದೇ ಕಟ್ಟಿದ ಸುಮಾರು 22 ಸಾವಿರ ಸೀಟಿನ ಸಾದಾ ಸ್ಟೇಡಿಯಂ. ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಬಂದ ಹಾಗೆ. ಅಟ್ಲಾಂಟಾದಲ್ಲಿ 2018ರ ಫೈನಲ್ಲಿಗೆ 73 ಸಾವಿರ ಜನ ಬಂದಾಗ ಗೋಲು ಹೊಡೆಯುತ್ತಿದ್ದವನು ವೆನೆಜುವೆಲಾದ ಯೋಸೆಫ್ ಮಾರ್ಟಿನೆಸ್. ನಮ್ಮೂರಲ್ಲಿ ಎಷ್ಟು ಜನಕ್ಕೆ ಅವನ ಹೆಸರು ಗೊತ್ತು? ಇನ್ನು ಬೆಕ್‌ಹ್ಯಾಮ್ ಒಪ್ಪಂದದಲ್ಲಿದ್ದ ನಿಜವಾದ ಗೋಲು ಬೇರೆ. ಮುಂದೆ ಬೇಕೆಂದಾಗ 2.5 ಕೋಟಿ ಡಾಲರಿಗೆ ಒಂದು ಹೊಸ ತಂಡ ಕೊಳ್ಳುವ ಹಕ್ಕು ಅವನಿಗಿತ್ತು. ಮೆಸ್ಸಿ ಸೇರಿದ ಇಂಟರ್ ಮಯಾಮಿ ಹುಟ್ಟಿದ್ದೇ ಹಾಗೆ. ಆಮೇಲೆ ಸ್ಯಾನ್ ಡಿಯೇಗೊದವರು ಲೀಗಿಗೆ ಸೇರಲು ಒಪ್ಪಿಕೊಂಡ ಮೊತ್ತ 50 ಕೋಟಿ. ಬೆಳೆದದ್ದು ಏನು ಅಂತ ಈಗ ನೀವೇ ಹೇಳಿ.

ನನಗೆ ಸಿಟ್ಟು ಬರೋದು "ಅಮೆರಿಕನ್ನರಿಗೆ ಫುಟ್‌ಬಾಲ್ ಇಷ್ಟವಿಲ್ಲ" ಅನ್ನೋ ಮೊದಲ ವಾಕ್ಯಕ್ಕೇ. ಯಾವ ಅಮೆರಿಕನ್ನರು ಸ್ವಾಮಿ? ಇಲ್ಲಿನ ಟಿವಿಯಲ್ಲಿ ವರ್ಷಗಟ್ಟಲೆ ಅತಿ ಹೆಚ್ಚು ಜನ ನೋಡಿದ ಫುಟ್‌ಬಾಲ್ ಲೀಗ್ ಮೆಕ್ಸಿಕೋದ್ದು, ಅದೂ ಸ್ಪ್ಯಾನಿಷ್ ಚಾನೆಲ್ಲಿನಲ್ಲಿ. ಅವರು ಅಮೆರಿಕನ್ನರಲ್ಲವಾ? 1994ರಲ್ಲಿ ಇಲ್ಲಿ ವಿಶ್ವಕಪ್ ನಡೆದಾಗ 52 ಪಂದ್ಯಕ್ಕೆ ಸರಾಸರಿ 69 ಸಾವಿರದ ಹತ್ತಿರ ಜನ ಕೂತು ನೋಡಿದರು. 1999ರಲ್ಲಿ ಹೆಣ್ಣುಮಕ್ಕಳ ವಿಶ್ವಕಪ್ ಫೈನಲ್ಲಿಗೆ ರೋಸ್ ಬೌಲಿನಲ್ಲಿ 90,185 ಜನ. ಮಿಯಾ ಹ್ಯಾಮ್, ಬ್ರ್ಯಾಂಡಿ ಚಾಸ್ಟೇನ್ ಇವರನ್ನು ಯಾವ ದೇಶದಿಂದ ತರಿಸಿದ್ದರು? ಶಾಲೆ ಕಾಲೇಜುಗಳಲ್ಲಿ ಹುಡುಗಿಯರಿಗೂ ಆಟದ ಸಮಾನ ಅವಕಾಶ ಕೊಡಲೇಬೇಕು ಅಂತ 1972ರಲ್ಲಿ ಬಂದ ಟೈಟಲ್ ನೈನ್ ಅನ್ನೋ ಕಾನೂನು ಅವರನ್ನು ಬೆಳೆಸಿತು. ಆ ತಂಡ ನಾಲ್ಕು ವಿಶ್ವಕಪ್ ಗೆದ್ದಿದೆ. ಗಂಡಸರ ತಂಡ 2018ರ ವಿಶ್ವಕಪ್ಪಿಗೆ ಅರ್ಹತೆಯನ್ನೇ ಪಡೆಯಲಿಲ್ಲ, ಟ್ರಿನಿಡಾಡ್ ಕೈಲಿ ಸೋತು. ಒಂದು ಕಡೆ ಕಾನೂನು, ಇನ್ನೊಂದು ಕಡೆ ಸ್ಟಾರ್. ಫಲಿತಾಂಶ ಕಣ್ಣೆದುರಿಗಿದೆ.

ಈಗ ಜೇಬಿನ ವಿಷಯ. ನನ್ನ ಮಗಳು ಇಲ್ಲಿ ನ್ಯೂಜೆರ್ಸಿಯಲ್ಲಿ ಒಂದು ಕ್ಲಬ್ಬಿಗೆ ಆಡುತ್ತಾಳೆ. ವರ್ಷಕ್ಕೆ ಮೂರು ಸಾವಿರ ಡಾಲರ್ ಫೀಸು; ಸಮವಸ್ತ್ರ, ಟೂರ್ನಮೆಂಟು, ಹೋಟೆಲ್ಲು ಬೇರೆ. ಐಟಿ ಸಂಬಳದವನು ನಾನು, ಗೊಣಗಿಕೊಂಡು ಕಟ್ಟುತ್ತೇನೆ. ನಮ್ಮ ಬೀದಿಯ ಹುಲ್ಲು ಕತ್ತರಿಸೋಕೆ ಬರುವ ಗ್ವಾಟೆಮಾಲಾದವನ ಮಗ ನನ್ನ ಮಗಳಿಗಿಂತ ಹತ್ತು ಪಾಲು ಚೆನ್ನಾಗಿ ಆಡುತ್ತಾನೆ. ಅವನ ಅಪ್ಪ ಎಲ್ಲಿಂದ ತರಬೇಕು? ಈ ದೇಶದ ಶ್ರೇಷ್ಠ ಆಟಗಾರರಲ್ಲಿ ಒಬ್ಬನಾದ ಕ್ಲಿಂಟ್ ಡೆಂಪ್ಸಿ ಟೆಕ್ಸಸ್ಸಿನ ಟ್ರೇಲರ್ ಪಾರ್ಕಿನಲ್ಲಿ ಬೆಳೆದು, ಮೆಕ್ಸಿಕನ್ ವಲಸಿಗರ ಜೊತೆ ಆಡಿ ಕಲಿತವನು. ಕ್ಲಬ್ಬಿನ ಖರ್ಚು ತಡೆಯದೆ ಅವನ ಮನೆಯವರು ಒಂದು ಹಂತದಲ್ಲಿ ಆಟ ಬಿಡಿಸಿದ್ದರು. ಹೇಗೋ ದಾಟಿಕೊಂಡ. ದಾಟದವರ ಹೆಸರು ನಮಗೆ ಗೊತ್ತಾಗೋದಾದರೂ ಹೇಗೆ?

ಮೆಸ್ಸಿಯನ್ನೇ ತಗೊಳ್ಳಿ. ರೊಸಾರಿಯೋದ ಉಕ್ಕಿನ ಕಾರ್ಖಾನೆ ನೌಕರನ ಮಗ. ಬೆಳವಣಿಗೆಯ ಹಾರ್ಮೋನು ಕಡಿಮೆಯಿದ್ದ ಹುಡುಗನ ಚಿಕಿತ್ಸೆಯ ಖರ್ಚನ್ನು ಬಾರ್ಸಿಲೋನಾ ಕ್ಲಬ್ ಹೊತ್ತಿತು. ಅದೇ ಹುಡುಗ ನಮ್ಮ ಎಡಿಸನ್ನಿನಲ್ಲಿ ಹುಟ್ಟಿದ್ದರೆ? "ಫೀಸ್ ಬಾಕಿ ಇದೆ" ಅಂತ ಅಪ್ಪನಿಗೆ ಈಮೇಲ್ ಬರುತ್ತಿತ್ತು. ಇಂಥ ವ್ಯವಸ್ಥೆ ಇಟ್ಟುಕೊಂಡು ಮೂವತ್ತಾರು ತುಂಬಿದ ಮೆಸ್ಸಿಯನ್ನು ಕೊಂಡು ತಂದು, ಆಟ ಜನಪ್ರಿಯವಾಗಲಿ ಅನ್ನೋದು! ಅದರ ಮೇಲೆ, ಅವನು ಬಂದ ವರ್ಷದಿಂದಲೇ ಲೀಗನ್ನು ಆ್ಯಪಲ್‌ಗೆ ಹತ್ತು ವರ್ಷಕ್ಕೆ 250 ಕೋಟಿ ಡಾಲರಿಗೆ ಕೊಟ್ಟು, ಬಹುತೇಕ ಪಂದ್ಯ ನೋಡೋಕೆ ಬೇರೆ ಚಂದಾ ಕಟ್ಟಿ ಅಂದರು.

ನಮ್ಮ ಕಡೆಯವರೂ ನಗಬೇಕಾಗಿಲ್ಲ. 1977ರಲ್ಲಿ ಇದೇ ಕಾಸ್ಮೋಸ್ ಜೊತೆ ಪೆಲೆ ಕೋಲ್ಕತ್ತಕ್ಕೆ ಬಂದು ಮೋಹನ್ ಬಗಾನ್ ವಿರುದ್ಧ ಆಡಿದ, 2-2. ಬಂಗಾಳ ಇವತ್ತಿಗೂ ಆ ದಿನ ನೆನೆಯುತ್ತೆ, ಭಾರತದ ಫುಟ್‌ಬಾಲ್ ಇದ್ದಲ್ಲೇ ಇದೆ. ಆದರೆ ಬೆಂಗಳೂರಿನ ಗೌತಮಪುರಕ್ಕೆ ಹೋಗಿ ನೋಡಿ, ಹಲಸೂರಿನ ಪಕ್ಕ. ಬೀದಿಯಲ್ಲಿ ಪೆಲೆಯ ಪ್ರತಿಮೆ ಇದೆ, ಅಂಬೇಡ್ಕರರ ಪ್ರತಿಮೆಯ ಜೊತೆಗೇ. ಅಲ್ಲಿನ ಹುಡುಗರು ತಲೆಮಾರುಗಳಿಂದ ಫುಟ್‌ಬಾಲ್ ಆಡಿಕೊಂಡು ಬಂದಿದ್ದಾರೆ. ಮೊದಲು ಆಟ, ಆಮೇಲೆ ಪ್ರತಿಮೆ. ಅಮೆರಿಕದವರು ಮೊದಲು ಪ್ರತಿಮೆ ತರಿಸುತ್ತಾರೆ.

2026ರ ವಿಶ್ವಕಪ್ ಫೈನಲ್ಲಿಗೆ ಆರಿಸಿದ ಸ್ಟೇಡಿಯಂ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿ, ಪೆಲೆ ಆಡಿದ ಹಳೇ ಜೈಂಟ್ಸ್ ಸ್ಟೇಡಿಯಂ ಇದ್ದ ಜಾಗಕ್ಕೆ ಅಂಟಿಕೊಂಡೇ ಇದೆ. ನಮ್ಮ ಬಡಾವಣೆಯ ಪಾರ್ಕಿನಲ್ಲೂ ಒಂದು ಒಳ್ಳೇ ಮೈದಾನವಿದೆ, ಕೃತಕ ಹುಲ್ಲು, ದೀಪದ ಕಂಬ ಎಲ್ಲಾ ಉಂಟು. ಪರ್ಮಿಟ್ ಕ್ಲಬ್ಬಿನ ಹೆಸರಲ್ಲಿ. ಉಳಿದ ಹೊತ್ತು ಗೇಟಿಗೆ ಬೀಗ. ಭಾನುವಾರ ಮಧ್ಯಾಹ್ನ ಆ ಗ್ವಾಟೆಮಾಲಾದವರು, ಎಕ್ವಡೋರಿನವರು ಪಕ್ಕದ ಪಾರ್ಕಿಂಗ್ ಜಾಗದಲ್ಲಿ ಎರಡು ಕಸದ ಡಬ್ಬ ಇಟ್ಟುಕೊಂಡು ಗೋಲು ಹೊಡೀತಾರೆ. ಟೌನ್ ಕೌನ್ಸಿಲ್ಲಿಗೆ ಎರಡು ಸಲ ಬರೆದಿದ್ದೇನೆ, ಭಾನುವಾರವಾದರೂ ಆ ಬೀಗ ತೆಗೀರಿ ಅಂತ. ಮುಂದಿನ ಸಭೆ ಮಂಗಳವಾರ ಇದೆ, ಹೋಗಿ ಕೂರುತ್ತೇನೆ.