ಸೈಕಲ್ ನೆನಪು ಸಾಕು, ಸೈಕಲ್ ಕೊಡ್ಸಿ

ಅವರೆಕಾಯಿ ಸುಲಿಯೋಕೆ ನಾಲ್ಕು ಜನ ಕೂತ್ರೆ ಸಾಕು, ನಮ್ಮ ಓರಗೆ ಹೆಂಗಸ್ರ ಬಾಯಲ್ಲಿ ಒಂದೇ ಮಾತು: ಅಯ್ಯೋ, ನಮ್ಮ ಕಾಲದ ಸೈಕಲ್ಲು! ಬಾಡಿಗೆ ಸೈಕಲ್ ತಂದಿದ್ದು, ಒಳಪೆಡ್ಲು ಹೊಡೆದಿದ್ದು, ಮಂಡಿ ತರಚ್ಕೊಂಡಿದ್ದು. ಕೇಳೋಕೆ ಚೆಂದಾನೇ. ಆದ್ರೆ ಹಂಗೆ ಹೇಳೋರ ಮನೇಲೇ ಮಗಳಿಗೂ ಮೊಮ್ಮಗಳಿಗೂ ಸೈಕಲ್ ಇಲ್ಲ. ಇದು ಯಾವ ನ್ಯಾಯ?

ನೆನಪನ್ನ ಪೂರ್ತಿ ಹೇಳಾಣ ಕಣ್ರೀ. ನಂಗೂ ನಮ್ಮಪ್ಪನ ಅಟ್ಲಾಸ್ ಸೈಕಲ್ ಅಂದ್ರೆ ಪ್ರಾಣ. ಸೀಟು ಎಟುಕ್ತಿರ್ಲಿಲ್ಲ. ಬಾರಿನ ಕೆಳಗೆ ಕಾಲು ತೂರಿಸ್ಕೊಂಡು ಮಾರ್ಕೋನಹಳ್ಳಿ ನಾಲೆ ಏರಿ ಮೇಲೆ ಹೊಡೀತಿದ್ದೆ. ದೊಡ್ಡೋಳಾದ ದಿನಾನೇ ಅದು ಬಂದ್. ಅದೇ ಸೈಕಲ್ ತಮ್ಮನಿಗೆ ಹೈಸ್ಕೂಲಿಗೆ ಹೋಗೋಕಾಯ್ತು, ನಂಗೆ ಒಸಗೆ ಆಯ್ತು. ನಮ್ಮ ಸೈಕಲ್ ನೆನಪೆಲ್ಲ ಚಿಕ್ಕಂದಿನದ್ದೇ ಯಾಕೆ ಅಂತ ಯೋಚ್ನೆ ಮಾಡಿದೀರಾ? ಆಮೇಲಿನದ್ದು ನಮಗೆ ಸಿಗ್ಲೇ ಇಲ್ಲ.

2006-07ರಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿದ್ದಾಗ ಸರ್ಕಾರ ಎಂಟನೇ ಕ್ಲಾಸಿನ ಬಡ ಹೆಣ್ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು. ಮುಂದಿನ ವರ್ಷ ಗಂಡುಮಕ್ಕಳಿಗೂ ಬಂತು. ಎಂಟನೇ ಕ್ಲಾಸೇ ಯಾಕೆ? ಎಷ್ಟೋ ಹಳ್ಳೀಲಿ ಸ್ಕೂಲು ಏಳಕ್ಕೇ ಮುಗಿಯುತ್ತೆ, ಹೈಸ್ಕೂಲು ಪಕ್ಕದೂರಲ್ಲಿ. ಹೆಣ್ಣುಮಗು ಓದು ಬಿಡೋದೂ ಅಲ್ಲೇ. ಕೊರೊನಾ ಬಂದಾಗ ಆ ಸೈಕಲ್ ನಿಂತ್ಹೋಯ್ತು. ಸ್ಕೂಲು ಬಾಗಿಲು ತೆಗೆದ್ಮೇಲೂ ವರ್ಷಗಟ್ಟಲೆ ಬರ್ಲಿಲ್ಲ. ರೇಷನ್ ಅಕ್ಕಿ ಒಂದು ತಿಂಗಳು ತಡ ಆದ್ರೆ ಜಗಳಕ್ಕೆ ನಿಲ್ಲೋ ನಾವು, ಇದನ್ನ ಯಾರೂ ಕೇಳ್ಲಿಲ್ಲ.

ಬಸ್ಸು ಫ್ರೀ ಐತಲ್ಲ ಅಂತೀರಿ. 2023ರ ಜೂನ್ 11ರಿಂದ ನಾನೂ ಅದ್ರಲ್ಲೇ ಓಡಾಡ್ತೀನಿ, ಒಳ್ಳೇದೇ ಆಯ್ತು. ಆದ್ರೆ ಬಸ್ಸು ಎಲ್ಲಾ ಹಟ್ಟಿಗೂ ಬರಲ್ಲ, ಸ್ಪೆಷಲ್ ಕ್ಲಾಸ್ ಮುಗಿಯೋ ತನಕ ಕಾಯಲ್ಲ. ನಾಲ್ಕು ಕಿಲೋಮೀಟರ್ ನಡೆದ್ರೆ ಮುಕ್ಕಾಲು ಗಂಟೆ ಮೇಲಾಗ್ತದೆ, ಸೈಕಲ್ಲಲ್ಲಿ ಇಪ್ಪತ್ತು ನಿಮಿಷ. ಮಿಕ್ಕಿದ ಹೊತ್ತು ಮಗಳದ್ದು.

ರೋಡಲ್ಲಿ ಲಾರಿ ಕಾಟ ಅಂತೀರಿ. ನಿಜ. ಹಂಗಂತ ಗಂಡುಡ್ರಿಗೆ ಬೈಕೇ ಕೊಡ್ಸ್ತೀರಲ್ಲ! ಲಾರಿಗೆ ಗಂಡು ಹೆಣ್ಣು ಅಂತ ಗೊತ್ತಾಗ್ತದಾ? ಜನ ಆಡ್ಕೋತಾರೆ ಅನ್ನೋರಿಗೆ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆ ಕಥೆ ಹೇಳ್ಬೇಕು. 1990ರ ದಶಕದ ಶುರುವಿನಲ್ಲಿ, ಕಲೆಕ್ಟರ್ ಶೀಲಾ ರಾಣಿ ಚುಂಕತ್ ಕಾಲದಲ್ಲಿ, ಅಕ್ಷರ ಕಲಿಸೋ ಚಳವಳಿ ಜೊತೆಗೇ ಸಾವಿರಾರು ಹೆಂಗಸ್ರು ಸೈಕಲ್ ಕಲಿತ್ರು. ಕೂಲಿ ಮಾಡೋರು, ನರ್ಸುಗಳು, ಮೇಡಂಗಳು. ಎಷ್ಟೋ ಜನ ಬಾರಿರೋ ಗಂಡಸ್ರ ಸೈಕಲ್ಲೇ ಬೇಕು ಅಂದ್ರಂತೆ, ಮುಂದೆ ಮಗು ಕೂರಿಸ್ಕೊಳ್ಳೋಕೆ. ಅಲ್ಲೂ ಮೊದಮೊದಲು ಜನ ಆಡ್ಕೊಂಡ್ರು. ಇವ್ರು ತುಳೀತಾನೇ ಇದ್ರು.

ಒಸಗೆಗೆ ಪೆಂಡಾಲು, ಫ್ಲೆಕ್ಸು, ಊರೂಟ ಹಾಕಿಸ್ತೀವಿ. ಆ ಖರ್ಚಲ್ಲಿ ಸೈಕಲ್ ಬರಲ್ವಾ? ಇನ್ಮೇಲೆ ಒಸಗೆಗೆ ಕರೆದ್ರೆ ನಾನು ಸೀರೆ ತರಲ್ಲ. ಸೈಕಲ್ ಕೊಡ್ಸೋದಾದ್ರೆ ಮುಯ್ಯಿ ದುಡ್ಡು ಅದಕ್ಕೇ ಹಾಕ್ತೀನಿ. ನೀವೂ ಹಂಗೇ ಮಾಡಿ. ನಿಂತಿರೋ ಸರ್ಕಾರಿ ಸೈಕಲ್ ಏನಾಯ್ತು ಅಂತ ಎಸ್‌ಡಿಎಂಸಿ ಮೀಟಿಂಗಲ್ಲಿ ಎದ್ದು ನಿಂತು ಕೇಳಿ. ಕೊಟ್ಟಿಗೇಲಿ ಹಳೇ ಸೈಕಲ್ ತುಕ್ಕು ಹಿಡೀತಿದ್ರೆ ಇವತ್ತೇ ಪಂಚರ್ ಹಾಕ್ಸಿ, ಚೈನಿಗೆ ಎಣ್ಣೆ ಬಿಡಿ, ಹುಡುಗಿ ಕೈಗೆ ಕೊಡಿ.