ಕೊಳಲಿನ ಗುಣವೋ, ಊದುವವನ ಗುಣವೋ?

ದೇವನಹಳ್ಳಿಯ ಕೋಟೆಯೊಳಗಿನ ವೇಣುಗೋಪಾಲಸ್ವಾಮಿಯ ಗುಡಿಗೆ ಹೋದ ತಿಂಗಳು ಹೋಗಿದ್ದೆನು. ದರ್ಶನವಾದ ಬಳಿಕ ಜಗಲಿಯ ಮೇಲೆ ಕುಳಿತಿರುವಾಗ, ಸಂಗೀತದಲ್ಲಿ ಅಭಿರುಚಿಯುಳ್ಳ ಮಿತ್ರರೊಬ್ಬರು ತಮ್ಮ ಮೊಮ್ಮಗನಿಗೆ ಕೊಳಲಿನ ಪಾಠವನ್ನು ಹಾಕಿಸಬೇಕೆಂದಿರುವುದಾಗಿಯೂ, ಆದರೆ ವಿದ್ವಾಂಸರು ಹಿಡಿಯುವಂತಹ ಕೊಳಲು ಕೈಸೇರುವವರೆಗೆ ಪಾಠವನ್ನು ಆರಂಭಿಸುವುದಿಲ್ಲವೆಂದೂ ಹೇಳಿದರು. ಅಂತಹ ಕೊಳಲೆಂದರೆ ಯಾವುದೆಂದು ಕೇಳಿದೆನು. ಬಿದಿರು ಅಸ್ಸಾಮಿನದಾಗಿರಬೇಕಂತೆ, ಹಲವು ವರ್ಷ ನೆರಳಿನಲ್ಲಿ ಆರಿರಬೇಕಂತೆ, ಗೆಣ್ಣುಗಳ ಬಳಿ ರೇಷ್ಮೆಯ ದಾರ ಸುತ್ತಿರಬೇಕಂತೆ, ರಂಧ್ರಗಳು ಇಂತಿಷ್ಟೇ ಇರಬೇಕಂತೆ, ಎಲ್ಲಕ್ಕಿಂತ ಮಿಗಿಲಾಗಿ, ಮಾಡಿದವನ ಹೆಸರು ಬಲ್ಲವರ ಬಾಯಲ್ಲಿರುವಂತಹುದಾಗಬೇಕಂತೆ. ಹುಡುಗನಿಗೆ ಎಷ್ಟು ವಯಸ್ಸೆಂದು ವಿಚಾರಿಸಿದೆನು. ಒಂಬತ್ತು.

ಇದು ನನ್ನ ಮಿತ್ರರೊಬ್ಬರ ಅಭಿಪ್ರಾಯ ಮಾತ್ರವಾಗಿದ್ದರೆ ಈ ಪತ್ರಿಕೆಯ ಪುಟಗಳನ್ನು ಅದಕ್ಕಾಗಿ ವ್ಯಯಮಾಡುವ ಅಗತ್ಯವಿರಲಿಲ್ಲ. ಆದರೆ ನೆಲಮಂಗಲದಿಂದ ಹೊಸಕೋಟೆಯವರೆಗೆ ನಾನು ಹೋಗಿಬರುವ ವಿದ್ಯಾವಂತರ ಮನೆಗಳಲ್ಲೆಲ್ಲ ಈ ನಂಬಿಕೆಯು ಬೇರೂರಿರುವುದನ್ನು ಕಾಣುತ್ತಿದ್ದೇನೆ. ಪ್ರಸಿದ್ಧ ವಿದ್ವಾಂಸರ ಕೈಯಲ್ಲಿ ಯಾವ ಲಕ್ಷಣಗಳುಳ್ಳ ವಾದ್ಯವಿದೆಯೋ ಆ ಲಕ್ಷಣಗಳೇ ಅವರ ವಿದ್ವತ್ತಿಗೆ ಕಾರಣವೆಂದು ಎಣಿಸಲಾಗುತ್ತಿದೆ. ಇದು ತಪ್ಪೆಂದು ನಾನು ವಾದಿಸುವೆನು. ಸಂಗೀತದಲ್ಲಿ ನಾನು ವಿದ್ವಾಂಸನಲ್ಲ. ಪಾಠಶಾಲೆಯಲ್ಲಿ ಓದಿದ ನಾಲ್ಕಕ್ಷರ ತರ್ಕವೂ ಕೇಳಿದ ಕಿವಿಯೂ ಮಾತ್ರವೇ ನನ್ನ ಬಂಡವಾಳ.

ಯಾವುದು ಕಾರಣ, ಯಾವುದು ಅಲ್ಲ ಎಂಬುದನ್ನು ನಿರ್ಣಯಿಸುವುದಕ್ಕೆ ನೈಯಾಯಿಕರು ಒಂದು ದಾರಿಯನ್ನು ಹಾಕಿಕೊಟ್ಟಿರುವರು. ಅದಿದ್ದರೆ ಕಾರ್ಯವುಂಟು, ಅದಿಲ್ಲದಿದ್ದರೆ ಕಾರ್ಯವಿಲ್ಲ ಎಂಬ ಅನ್ವಯ ವ್ಯತಿರೇಕಗಳೆರಡೂ ಕೂಡಿಬರಬೇಕು. ಮಡಕೆಗೆ ಕುಂಬಾರನ ದಂಡವು ಕಾರಣವೆಂಬುದು ದಿಟ. ಅದಿಲ್ಲದೆ ಚಕ್ರ ತಿರುಗದು. ಆದರೆ ಆ ದಂಡದ ಬಣ್ಣ? ದಂಡವಿರುವಲ್ಲೆಲ್ಲ ಅದಕ್ಕೊಂದು ಬಣ್ಣವೂ ಇದ್ದೇ ಇರುವುದಾದರೂ ಅದನ್ನು ಕಾರಣವೆನ್ನದೆ ಅನ್ಯಥಾಸಿದ್ಧವೆಂದು ಅವರು ಬದಿಗಿಟ್ಟರು. ಕೊಳಲಿನಲ್ಲಿ ದಂಡ ಯಾವುದು, ದಂಡದ ಬಣ್ಣ ಯಾವುದು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಮೊದಲು ನಮ್ಮ ಪ್ರಾಚೀನರು ಏನೆಂದರೆಂಬುದನ್ನು ನೋಡೋಣ. ಭರತಮುನಿಯು ನಾಟ್ಯಶಾಸ್ತ್ರದ ಸುಷಿರಾಧ್ಯಾಯದಲ್ಲಿ ಕೊಳಲಿನ ಸ್ವರಗಳ ಶ್ರುತಿಭೇದವನ್ನು ಹೇಳುವಾಗ ಅದನ್ನು ರಂಧ್ರದ ಲೆಕ್ಕದಲ್ಲಿಡಲಿಲ್ಲ, ಬೆರಳಿನಲ್ಲಿಟ್ಟನು. ಬೆರಳನ್ನು ಪೂರ್ತಿಯಾಗಿ ಎತ್ತಿದರೆ ನಾಲ್ಕು ಶ್ರುತಿಯ ಸ್ವರ. ರಂಧ್ರದ ಮೇಲೆ ಕಂಪಿಸಿದರೆ ಮೂರು ಶ್ರುತಿಯದು. ಅರ್ಧ ತೆರೆದರೆ ಎರಡು ಶ್ರುತಿಯದು. ರಂಧ್ರವು ಒಂದೇ, ಸ್ವರಗಳು ಮೂರು ಬಗೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನಾದರೋ ಸಂಗೀತರತ್ನಾಕರದಲ್ಲಿ ವಾದ್ಯದ ಅಳತೆಗಳನ್ನು ಬಹು ವಿಸ್ತಾರವಾಗಿಯೇ ಕೊಟ್ಟಿದ್ದಾನೆ. ಊದುವ ರಂಧ್ರಕ್ಕೂ ಬೆರಳಿನ ಮೊದಲ ರಂಧ್ರಕ್ಕೂ ನಡುವಣ ಅಂತರವು ಒಂದಂಗುಲವಾದರೆ ಏಕವೀರ, ಎರಡಾದರೆ ಉಮಾಪತಿ, ಮೂರಾದರೆ ತ್ರಿಪುರುಷ, ನಾಲ್ಕಾದರೆ ಚತುರ್ಮುಖ ಎಂದು ಹೆಸರಿಡುತ್ತ ಹೋಗುತ್ತಾನೆ. ಅಂತರವು ಹೆಚ್ಚಿದಂತೆ ನಾದವು ಮಂದ್ರಕ್ಕಿಳಿಯುವುದರಿಂದ ಇದು ದಂಡಕ್ಕೆ ಸೇರಿದ ಮಾತು. ಆದರೆ ಕೊಳಲನ್ನು ಯಾವುದರಿಂದ ಮಾಡಬೇಕೆಂಬಲ್ಲಿ ಬಿದಿರು, ಕಗ್ಗಲಿ, ದಂತ, ಚಂದನ, ರಕ್ತಚಂದನ, ಕಬ್ಬಿಣ, ಕಂಚು, ಬೆಳ್ಳಿ, ಚಿನ್ನ, ಇವುಗಳಲ್ಲಿ ಯಾವುದಾದರೂ ಆದೀತೆಂದು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾನೆ! ಆತನ ಎಚ್ಚರಿಕೆಯೆಲ್ಲ ಮುಂದಿದೆ. ಫೂತ್ಕಾರದ, ಎಂದರೆ ಊದುವ ಉಸಿರಿನ, ಗುಣಗಳಾವುವು, ದೋಷಗಳಾವುವು, ಊದುವವನ ಗುಣದೋಷಗಳಾವುವು ಎಂದು ಬೇರೆ ಬೇರೆಯಾಗಿ ಎಣಿಸುತ್ತಾನೆ. ಬಿದಿರಿನ ಊರನ್ನು ವಿಚಾರಿಸುವವರು ಈ ಭಾಗವನ್ನು ಓದಿದ್ದರೆ ಚೆನ್ನಾಗಿತ್ತು. ವಿಜಯನಗರದ ಕಾಲದಲ್ಲಿ ಇದೇ ಗ್ರಂಥಕ್ಕೆ ಕನ್ನಡ ನಾಡಿನಲ್ಲಿಯೇ ಕುಳಿತು ಕಲ್ಲಿನಾಥನು ವ್ಯಾಖ್ಯಾನ ಬರೆದನೆಂಬುದನ್ನಾದರೂ ನಾವು ನೆನೆಯಬೇಡವೆ?

ಶಾಸ್ತ್ರವು ಹಳೆಯದೆನ್ನುವವರಿಗೆ ಹೊಸದನ್ನೇ ಹೇಳುವೆನು. ಜರ್ಮನಿಯ ಥಿಯೋಬಾಲ್ಡ್ ಬೋಮನು ೧೮೩೨ರಲ್ಲಿಯೂ ಪುನಃ ೧೮೪೭ರಲ್ಲಿಯೂ ಪಾಶ್ಚಾತ್ಯ ಕೊಳಲನ್ನು ಬುಡಮೇಲಾಗಿ ತಿದ್ದಿದನು. ಸ್ವರ ಸರಿಯಾಗಿ ಬರಬೇಕಾದರೆ ರಂಧ್ರಗಳು ಎಲ್ಲಿರಬೇಕೋ ಅಲ್ಲಿಯೇ, ಎಷ್ಟು ದೊಡ್ಡದಾಗಿರಬೇಕೋ ಅಷ್ಟೇ ದೊಡ್ಡದಾಗಿ ಅವನ್ನು ಕೊರೆದು, ಬೆರಳಿಗೆ ಎಟುಕದವುಗಳನ್ನು ಮುಚ್ಚಲು ಲೋಹದ ಕೀಲಿಗಳನ್ನು ಅಳವಡಿಸಿದನು. ಇದು ನಿಜವಾದ ರಚನಾಭೇದ. ಇದರಿಂದ ಅವರ ಸಂಗೀತಕ್ಕೆ ಮಹೋಪಕಾರವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ಕೀಲಿಗಳನ್ನು ನಮ್ಮ ಕೊಳಲಿಗೆ ತೊಡಿಸಿದರೆ ಏನಾಗುವುದು? ತೋಡಿಯ ಗಾಂಧಾರವನ್ನು ನುಡಿಸಲು ಬೆರಳು ರಂಧ್ರದ ಅಂಚಿನ ಮೇಲೆ ಜಾರಬೇಕು, ಅರೆ ತೆರೆಯಬೇಕು, ಮತ್ತೆ ಮುಚ್ಚಬೇಕು. ಬೆರಳಿಗೂ ರಂಧ್ರಕ್ಕೂ ನಡುವೆ ಮುಚ್ಚಳ ಬಂದೊಡನೆ ಗಮಕ ಸತ್ತಿತು. ಒಂದು ಸಂಗೀತಕ್ಕೆ ಜೀವಕೊಟ್ಟ ಲಕ್ಷಣವು ಇನ್ನೊಂದಕ್ಕೆ ಉರುಲಾಗುವುದು. ನಮ್ಮ ಕೊಳಲು ಬರಿಯ ತೂತು ಕೊರೆದ ಬಿದಿರಾಗಿ ಉಳಿದಿರುವುದು ನಮ್ಮವರಿಗೆ ಬುದ್ಧಿ ಸಾಲದೆ ಅಲ್ಲ. ಸಂಗೀತವೇ ಅದನ್ನು ಹಾಗೆ ಉಳಿಸಿಕೊಂಡಿತು.

ಉತ್ತರಾದಿಯಲ್ಲಿ ಪನ್ನಾಲಾಲ್ ಘೋಷರು (೧೯೧೧-೧೯೬೦) ಖ್ಯಾಲಿನ ಗಾಂಭೀರ್ಯವನ್ನು ಕೊಳಲಿನಲ್ಲಿ ತರಬೇಕೆಂದು ಸುಮಾರು ೩೨ ಇಂಚಿನ ಉದ್ದದ ಮಂದ್ರದ ಕೊಳಲನ್ನು ಬಳಕೆಗೆ ತಂದರು. ಮಂದ್ರದಲ್ಲಿ ಪಂಚಮದ ಕೆಳಗಿನ ತೀವ್ರ ಮಧ್ಯಮವನ್ನು ಕಿರುಬೆರಳಿನಿಂದ ಮುಟ್ಟಲು ಏಳನೆಯ ರಂಧ್ರವನ್ನು ಸೇರಿಸಿದರು. ಅವರ ಅಳಿಯಂದಿರೂ ಶಿಷ್ಯರೂ ಆದ ದೇವೇಂದ್ರ ಮುರುಡೇಶ್ವರರು ಅದೇ ಪದ್ಧತಿಯನ್ನು ಮುಂದುವರಿಸಿದರು. ಇದನ್ನು ಕೇಳಿದವರು ಏಳನೆಯ ರಂಧ್ರವಿಲ್ಲದೆ ದೊಡ್ಡ ಸಂಗೀತವಿಲ್ಲವೆಂದು ತೀರ್ಮಾನಿಸಬಹುದು. ಆದರೆ ೧೯೩೮ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿದ ಹರಿಪ್ರಸಾದ ಚೌರಾಸಿಯಾ ಅವರು ಆರು ರಂಧ್ರಗಳ ಕೊಳಲಿನಲ್ಲಿಯೇ ಜಗತ್ತನ್ನು ಸುತ್ತಿ ಬಂದರು. ಏಳನೆಯದಿದ್ದಲ್ಲಿಯೂ ಸಂಗೀತವುಂಟು, ಇಲ್ಲದಲ್ಲಿಯೂ ಉಂಟು. ವ್ಯತಿರೇಕವು ಇಲ್ಲಿಯೇ ಮುರಿಯಿತು. ಇಷ್ಟೇ ಅಲ್ಲ, ಅನ್ನಪೂರ್ಣಾದೇವಿಯವರಲ್ಲಿ ಪಾಠಕ್ಕೆ ಸೇರಿದಾಗ ಹರಿಪ್ರಸಾದರು ಕಲಿತದ್ದನ್ನೆಲ್ಲ ಮರೆತು ಮೊದಲಿನಿಂದ ಆರಂಭಿಸುವ ಸಂಕಲ್ಪದಿಂದ ಬಲಕ್ಕೆ ಹಿಡಿಯುತ್ತಿದ್ದ ಕೊಳಲನ್ನು ಎಡಕ್ಕೆ ತಿರುಗಿಸಿಕೊಂಡರೆಂಬುದು ಪ್ರಸಿದ್ಧವಾಗಿದೆ. ಅವರು ಬದಲಿಸಿದುದು ಬಿದಿರನ್ನಲ್ಲ, ಕೈಯನ್ನು.

ದಕ್ಷಿಣದಲ್ಲಿಯೂ ಹೀಗೆಯೇ. ಕೊಳಲನ್ನು ಕಚೇರಿಯ ಪೀಠಕ್ಕೇರಿಸಿದವರು ಕುಂಭಕೋಣದ ಶರಭಶಾಸ್ತ್ರಿಗಳು. ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡ ಆ ಮಹನೀಯರಿಗೆ ಸುತ್ತಿದ ದಾರದ ಬಣ್ಣವಂತೂ ತಿಳಿದಿರಲಾರದು! ೧೯೦೪ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರಾದ ಪಲ್ಲಡಂ ಸಂಜೀವರಾಯರು ಆ ಹಾದಿಯನ್ನು ಬೆಳಗಿದರು. ಅನಂತರ ಬಂದವರು ಟಿ. ಆರ್. ಮಹಾಲಿಂಗಂ (೧೯೨೬-೧೯೮೬), ರಸಿಕರ ಬಾಯಲ್ಲಿ ಮಾಲಿ. ಅದೇ ಎಂಟು ರಂಧ್ರಗಳ ಬಿದಿರು. ಆದರೆ ಬೆರಳುಗಳ ಹಿಡಿತವನ್ನು ಮಾರ್ಪಡಿಸಿ, ತುಟಿಯನ್ನು ಬಳಸುವ ಕ್ರಮವನ್ನು ಮಾರ್ಪಡಿಸಿ, ಹಾಡುಗಾರನ ಕಂಠದಲ್ಲಿ ಮಾತ್ರ ಕೇಳುತ್ತಿದ್ದ ಗಮಕವನ್ನು ಅದರಿಂದ ಹೊರಡಿಸಿದರು. ನಮ್ಮ ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ ೧೯೭೮ರಲ್ಲಿ ಹುಟ್ಟಿದ ಶಶಾಂಕರು ಪಾಠ ಹೇಳಿಸಿಕೊಂಡವರಲ್ಲಿ ಆರ್. ಕೆ. ಶ್ರೀಕಂಠನ್ ಒಬ್ಬರು. ಶ್ರೀಕಂಠನ್ ಹಾಡುಗಾರರು, ಕೊಳಲಿನವರಲ್ಲ. ವಾದ್ಯದ ರಚನೆಯಲ್ಲಿಯೇ ವಿದ್ಯೆಯಿದ್ದಿದ್ದರೆ ಹಾಡುಗಾರರಲ್ಲಿಗೆ ಹೋಗುವ ಪ್ರಮೇಯವೇನು?

ಇನ್ನು ಮಾಡಿದ ವಸ್ತುವಿನ ಮಾತು. ಪಶ್ಚಿಮದಲ್ಲಿ ಬೆಳ್ಳಿ, ಚಿನ್ನ, ಪ್ಲಾಟಿನಂ ಕೊಳಲುಗಳೂ ಉಂಟು. ಚಿನ್ನದ ನಾದ ತುಂಬಿದ್ದು, ಬೆಳ್ಳಿಯದು ತಿಳಿಯಾದುದು ಎಂದು ವೃತ್ತಿವಾದಕರೇ ಹೇಳುವುದುಂಟು. ಅಮೆರಿಕದ ವಿಜ್ಞಾನಿ ಜಾನ್ ಕೋಲ್ಟ್‌ಮನ್ ಎಂಬವರು ಒಳ ಅಳತೆಯಲ್ಲಿ ಎಳ್ಳಷ್ಟೂ ಭೇದವಿಲ್ಲದ ಬೆಳ್ಳಿಯ, ತಾಮ್ರದ, ಮರದ ಕೊಳಲುಗಳನ್ನು ಮಾಡಿಸಿ, ಪರೀಕ್ಷಿಸಿ, ೧೯೭೧ರಲ್ಲಿ ಫಲವನ್ನು ಪ್ರಕಟಿಸಿದರು. ಸಂಗೀತ ಬಲ್ಲ ಶ್ರೋತೃಗಳು ಒಂದರಿಂದೊಂದನ್ನು ಗುರುತಿಸಲಾರದೆ ಹೋದರು. ಯಾವುದನ್ನು ಊದುತ್ತಿದ್ದೇವೆಂಬುದು ತಿಳಿಯದಂತೆ ಏರ್ಪಡಿಸಿದಾಗ ಊದಿದವರೂ ಸೋತರು. ೨೦೦೧ರಲ್ಲಿ ವಿಯೆನ್ನಾ ನಗರದ ಸಂಶೋಧಕರು ಒಂದೇ ಮಾದರಿಯ, ಬೇರೆ ಬೇರೆ ಲೋಹಗಳ ಏಳು ಕೊಳಲುಗಳನ್ನು ಏಳು ಮಂದಿ ವೃತ್ತಿವಾದಕರ ಕೈಗೆ ಕೊಟ್ಟು ನೋಡಿದರು. ಲೋಹಕ್ಕೂ ಲೋಹಕ್ಕೂ ನಡುವೆ ಕೇಳಿಸುವಂತಹ ಭೇದ ಸಿಕ್ಕಲಿಲ್ಲ. ವಾದಕನಿಗೂ ವಾದಕನಿಗೂ ನಡುವೆ ಧಾರಾಳವಾಗಿ ಸಿಕ್ಕಿತು. ದಂಡದ ಬಣ್ಣವೆಂದು ನಾನು ಹೇಳಿದುದು ಇದನ್ನೇ. ಒಳಗಿನ ಗಾಳಿಯ ಕಂಬವು ನುಡಿಯುವುದೇ ಹೊರತು ಅದರ ಸುತ್ತಣ ಗೋಡೆಯಲ್ಲ. ಗೋಡೆ ಬಿಗಿಯಾಗಿಯೂ ಒಳಗೆ ನುಣುಪಾಗಿಯೂ ಇದ್ದು, ರಂಧ್ರಗಳು ತಮ್ಮ ಸ್ಥಾನದಲ್ಲಿದ್ದರೆ ಪೀವೀಸೀ ಕೊಳವೆಯಿಂದಲೂ ಕೇಳತಕ್ಕ ನಾದ ಹೊರಡುವುದು. ಇದನ್ನು ಬರೆಯಲು ನನಗೇನೂ ಹಿತವಿಲ್ಲ. ಬಿದಿರಿನ ಮೇಲೆ ನನಗೆ ಪ್ರೀತಿಯಿದೆ.

ಇಲ್ಲಿ ನನ್ನ ಮಿತ್ರರು ಒಂದು ಬಲವಾದ ಆಕ್ಷೇಪವನ್ನು ಎತ್ತಿದರು. ಹಾಗಾದರೆ ವಿದ್ವಾಂಸರು ಕೊಳಲು ಮಾಡುವವನ ಬಳಿ ಕುಳಿತು ರಾಶಿಯನ್ನೆಲ್ಲ ಊದಿ ನೋಡಿ, ಒಂದೆರಡನ್ನೇ ಆರಿಸಿಕೊಂಡು ಏಳುವುದೇಕೆ? ಅವರೆಲ್ಲರೂ ಭ್ರಾಂತರೆ? ಅಲ್ಲ, ಖಂಡಿತವಾಗಿಯೂ ಅಲ್ಲ. ಅವರು ಆರಿಸುವುದು ದಂಡವನ್ನು. ಮೇಲಿನ ಸ್ಥಾಯಿ ಕೆಳಗಿನ ಸ್ಥಾಯಿಗೆ ಹೊಂದುವುದೋ, ತುಟಿಯಿಟ್ಟೊಡನೆ ನಾದ ಏಳುವುದೋ, ರಂಧ್ರಗಳ ನಡುವಣ ಅಂತರ ತಮ್ಮ ಬೆರಳಿಗೆ ಒಗ್ಗುವುದೋ ಎಂಬುದನ್ನು ನೋಡುವರು. ಅವು ಊದುವವನಿಗೆ ತಿಳಿಯುವ ಅನುಕೂಲಗಳು. ಹತ್ತಡಿ ದೂರದಲ್ಲಿ ಕುಳಿತವನಿಗೆ ಬಹುಮಟ್ಟಿಗೆ ತಿಳಿಯವು. ಆ ಆಯ್ಕೆಯನ್ನಾದರೂ ಮಾಡುವುದು ಇಪ್ಪತ್ತು ವರ್ಷ ಸಾಧನೆ ಮಾಡಿದ ತುಟಿಯೇ ಹೊರತು ಅಂಗಡಿಯ ಚೀಟಿಯಲ್ಲ. ಅಷ್ಟು ಜತನದಿಂದ ಆರಿಸಿದ ಕೊಳಲೂ ಋತುವಿಗೆ ಮಣಿಯುವುದು. ಒಳಗಿನ ಗಾಳಿ ಹತ್ತು ಡಿಗ್ರಿ ಬೆಚ್ಚಗಾದರೆ ಶ್ರುತಿಯು ಸುಮಾರು ಅರೆಸ್ವರದ ಮೂರನೆಯ ಒಂದು ಪಾಲಿನಷ್ಟು ಏರುತ್ತದೆ. ಮದರಾಸಿನ ಬೇಗೆಯಲ್ಲಿ ಸರಿಯಾಗಿದ್ದುದು ನಮ್ಮ ಧನುರ್ಮಾಸದ ಮುಂಜಾನೆಯಲ್ಲಿ ತಗ್ಗುವುದು. ಆಗ ತಿದ್ದುವುದು ಯಾವ ಶಿಲ್ಪಿಯ ಉಳಿಯೂ ಅಲ್ಲ; ಊದುವವನು ಕೊಳಲನ್ನು ಹೊರಕ್ಕೆ ಹೊರಳಿಸಿ, ಉಸಿರನ್ನು ಬಿಗಿಮಾಡಿ ಕೂಡಿಸಬೇಕು.

ಮಿತ್ರರು ನಕ್ಕು, ಇಷ್ಟು ಸಣ್ಣ ಮಾತಿಗೆ ಇಷ್ಟು ಕೋಪವೇಕೆಂದರು. ಅಂದು ಉತ್ತರ ಕೊಡಲಿಲ್ಲ, ಇಲ್ಲಿ ಕೊಡುವೆನು.

ದೊಡ್ಡಬಳ್ಳಾಪುರದಲ್ಲಿ ಉಪಾಧ್ಯಾಯನಾಗಿದ್ದಾಗ ನನ್ನ ತರಗತಿಯಲ್ಲಿ ನೇಯ್ಗೆಯವರ ಹುಡುಗನೊಬ್ಬನಿದ್ದನು. ಘಾಟಿಯ ದನಗಳ ಜಾತ್ರೆಯಲ್ಲಿ ಕೊಂಡ ಅಗ್ಗದ ಕೊಳಲೊಂದನ್ನು ಚೀಲದಲ್ಲಿಟ್ಟುಕೊಂಡು ಬಂದು ಮಧ್ಯಾಹ್ನದ ಬಿಡುವಿನಲ್ಲಿ ಊದುತ್ತಿದ್ದನು. ಮನೆಯಲ್ಲಿ ಹಗಲಿರುಳು ಮಗ್ಗದ ಸದ್ದು. ಊದಲು ಅವನಿಗಿದ್ದುದು ಶಾಲೆಯ ಬಿಡುವೊಂದೇ. ಕೇಳಿದ ದೇವರನಾಮವನ್ನು ಮರುದಿನವೇ ನುಡಿಸುತ್ತಿದ್ದನು. ನಾನು ಅವನನ್ನು ಕರೆದು, ಇದು ಆಟಿಕೆ, ಇದರಲ್ಲಿ ಊದಿದರೆ ಕಿವಿ ಕೆಡುವುದು, ವಿದ್ವಾಂಸರು ಊದುವಂತಹದನ್ನು ತಂದೆಯಿಂದ ತರಿಸು ಎಂದೆನು. ಹೇಳಿದವನು ನಾನೇ. ತಂದೆಯು ಸಾಲಮಾಡಿ, ಬೆಂಗಳೂರಿನ ಅಂಗಡಿಯೊಂದರಲ್ಲಿ, ಚಿತ್ರಪಟದಲ್ಲಿ ವಿದ್ವಾಂಸರು ಹಿಡಿದಿದ್ದಂತಹುದೇ ಬೇಕೆಂದು ಕೇಳಿ, ಹುಡುಗನ ತೋಳಿಗಿಂತ ಉದ್ದವಾದ ಕೊಳಲನ್ನು ತಂದುಕೊಟ್ಟನು. ದಾರವೇನೋ ಚೆನ್ನಾಗಿಯೇ ಸುತ್ತಿತ್ತು. ಹುಡುಗನ ಉಂಗುರದ ಬೆರಳು ಕೊನೆಯ ರಂಧ್ರಕ್ಕೆ ಎಟುಕಲಿಲ್ಲ. ಎಟುಕಿಸಿದಾಗ ಮೇಲಿನದರಲ್ಲಿ ಗಾಳಿ ಸೋರಿತು. ಪಾಠ ಹೇಳುವವರೊಬ್ಬರಲ್ಲಿಗೆ ಕರೆದೊಯ್ದರೆ ಅವರು ಎರಡು ನಿಮಿಷ ನೋಡಿ, ಇವನ ಕೈ ಕೊಳಲಿಗೆ ತಕ್ಕುದಲ್ಲವೆಂದರು. ಕೊಳಲು ಕೈಗೆ ತಕ್ಕುದಲ್ಲವೆಂದು ನಾವಿಬ್ಬರು ದೊಡ್ಡವರಲ್ಲಿ ಒಬ್ಬರಿಗಾದರೂ ತೋರಲಿಲ್ಲ. ತಂದೆಯು ಸಾಲವನ್ನು ಎರಡು ವರ್ಷ ತೀರಿಸಿದನು. ಹುಡುಗನು ಆಮೇಲೆ ಯಾವುದನ್ನೂ ಊದಲಿಲ್ಲ.

ಶಾಲೆಯನ್ನು ಬಿಡುವಾಗ ಜಾತ್ರೆಯ ಕೊಳಲನ್ನು ಅವನು ನನ್ನ ಮೇಜಿನ ಮೇಲಿಟ್ಟು ಹೋದನು. ಅದು ಈಗಲೂ ನನ್ನ ಪುಸ್ತಕದ ಬೀರುವಿನಲ್ಲಿದೆ. ಈ ಲೇಖನಕ್ಕೆ ತೊಡಗುವ ಮುನ್ನ ಬಲ್ಲವರೊಬ್ಬರಿಂದ ಅದರ ಶ್ರುತಿಯನ್ನು ನೋಡಿಸಿದೆನು. ಐದು ರಂಧ್ರಗಳು ಸರಿಯಾಗಿವೆ. ಆರನೆಯದು ಸ್ವಲ್ಪ ತಗ್ಗು. ಅರದಿಂದ ಅಂಚನ್ನು ಒಂದು ಕೂದಲೆಳೆಯಷ್ಟು ಉಜ್ಜಿದ್ದರೆ ಕೂಡಿಕೊಳ್ಳುತ್ತಿತ್ತೆಂದು ಅವರು ಹೇಳಿದರು.